ಎಂಟು ದಿನ ತಡೆಹಿಡಿದ ಚಳಿ

ಚಳಿ ಹೋಗುವುದಕ್ಕೆ ನಮ್ಮಲ್ಲಿ ಮಾತಿದೆ. ಶಿವರಾತ್ರಿಗೆ ಶಿವ ಶಿವ ಎನ್ನುತ್ತ ಹೋಗುತ್ತದೆಯಂತೆ. ಅದು ಬರುವ ದಿನಕ್ಕೆ ಮಾತ್ರ ಗಾದೆಯಿಲ್ಲ, ಹಬ್ಬವಿಲ್ಲ, ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರವಿಲ್ಲ. ಯಾರಿಗೂ ಬೇಡದ ಈ ಕೆಲಸವನ್ನು ನಾವು ನಾಲ್ವರು ಮೈಮೇಲೆ ಎಳೆದುಕೊಂಡು ಆರೇಳು ವರ್ಷವಾಯಿತು.

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಇನ್ನೊಬ್ಬರು ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಒಂದು ದಿನ ರೈಲು ತಡವಾಗಿ ಪ್ಲಾಟ್‌ಫಾರಂನಲ್ಲಿದ್ದವರೆಲ್ಲ ಹಳಿ ನೋಡುತ್ತಿದ್ದಾಗ ನಾವಿಬ್ಬರು ಮಾತ್ರ ಮೋಡ ನೋಡುತ್ತಿದ್ದೆವು, ಪರಿಚಯವಾಯಿತು. ಮೂರನೆಯವರು ಹೊಸದುರ್ಗದ ವಿಜ್ಞಾನದ ಮೇಡಂ. ಅವರ ತಾರಸಿಯಿಂದ ಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣುತ್ತವೆ, ಅವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ನೋಡಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ನಾಲ್ಕನೆಯವನು ಹಿರಿಯೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಮದುವೆಯ ಫೋಟೊದಲ್ಲಿ ಅರ್ಧಕ್ಕರ್ಧ ಆಕಾಶವನ್ನೇ ತುಂಬಿಸಿ ಬೀಗರ ಕೈಲಿ ಬೈಸಿಕೊಂಡವನು.

ದಸರಾ ಕಳೆದ ಮೇಲೆ ಒಂದು ಭಾನುವಾರ ನಾವು ದುರ್ಗದಲ್ಲಿ ಸೇರುತ್ತೇವೆ. ಚಂದ್ರವಳ್ಳಿಯ ಕೆರೆ ದಂಡೆಯ ಮೇಲೆ ಕುಳಿತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಆ ವರ್ಷದ ಚಳಿಗೆ ಕಾನೂನು ಮಾಡುತ್ತೇವೆ. ಕಾನೂನು ಪ್ರತಿವರ್ಷವೂ ಅದೇ. ಪಡುವಣ ಗಾಳಿ ನಿಂತು ಮೂಡಗಾಳಿ ತಿರುಗಬೇಕು. ಬೆಳಗಿನ ಆರು ಗಂಟೆಗೆ ಥರ್ಮಾಮೀಟರು ಮೂರು ದಿನ ಒಂದೇ ಸಮನೆ ಹದಿನೆಂಟಕ್ಕಿಂತ ಕೆಳಗಿರಬೇಕು. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ತಲೆಕೆಳಗು ಹಿಡಿದರೂ ಬೀಳಬಾರದು. ನಾಲ್ವರೂ ಹೂಂ ಎಂದ ಮೇಲೆಯೇ ಫೋನಿನ ಗ್ರೂಪಿನಲ್ಲಿ 'ಚಳಿ ಬಿತ್ತು' ಎಂದು ಹಾಕಬೇಕು. ಅಲ್ಲಿಯವರೆಗೆ ಯಾರೂ ಸ್ವೆಟರ್ ಹೊರತೆಗೆಯುವಂತಿಲ್ಲ. ರೈಲ್ವೆ ಹಿರಿಯರ ಮಫ್ಲರ್‌ಗೆ ಮಾತ್ರ ಕಿವಿನೋವಿನ ಕಾರಣಕ್ಕೆ ವಿನಾಯಿತಿ ಕೊಟ್ಟಿದ್ದೇವೆ. ಅವರ ಕಿವಿ ನೋಯುವುದು ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾತ್ರ.

ನನಗೆ ಹವೆಯ ಹುಚ್ಚು ಹಿಡಿದದ್ದು ಚಿಂತೆಯಿಂದ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದವನು ನಾನು; ನೋಡಿಕೊಂಡು ಹೋದಮೇಲೆ, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಬಂದವನು. ಅಂಥವನಿಗೆ ಆಕಾಶದಷ್ಟು ಅನುಕೂಲದ ವಸ್ತು ಬೇರೆ ಇಲ್ಲ. ದಿನಕ್ಕೊಂದು ಹೊಸ ಚಿಂತೆ ಕೊಡುತ್ತದೆ, ಆಮೇಲೆ ಏನಾದರೂ ಅದಕ್ಕೆ ನಮ್ಮನ್ನು ಯಾರೂ ಹೊಣೆ ಮಾಡುವುದಿಲ್ಲ. ಹಾಗೆಂದು ನಂಬಿಕೊಂಡಿದ್ದೆ.

ಸ್ವಾತಿ ಮಳೆ ಮುಗಿದು ಚಳಿ ಇನ್ನೂ ಹುಟ್ಟದ ಆ ಎರಡು ಮೂರು ವಾರ ನನಗೆ ವರ್ಷದ ಅತ್ಯಂತ ಸುಖದ ಕಾಲ. ತೊಳೆದಿಟ್ಟಂಥ ಆಕಾಶ. ಬೆಳಿಗ್ಗೆ ಸ್ಕೂಟರಿನ ಸೀಟಿನ ಮೇಲೆ ಇಬ್ಬನಿ. ರಾಗಿ ತೆನೆ ಕಂದು ತಿರುಗಿ, ಮೆಕ್ಕೆಜೋಳದ ಹೊಲಗಳು ಬಯಲಾಗಿ, ತುಟಿಯ ಮೂಲೆ ಚುರುಚುರು ಎನ್ನಲು ಶುರುವಾಗುತ್ತದೆ. ಮನೆಯ ಫ್ಯಾನು ಐದರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿಯುತ್ತದೆ. ಅದನ್ನೂ ನಾನು ಬರೆದಿಡುತ್ತೇನೆ. ನನ್ನ ಹೆಂಡತಿಗೆ ಈ ಕಾಲದಲ್ಲಿ ನಾನು ಯಾವ ಉಪಯೋಗಕ್ಕೂ ಬಾರದವನು. ಆಕೆ ದೀಪಾವಳಿಯ ಮರುದಿನವೇ ಸ್ವೆಟರ್ ಹಾಕಿಕೊಂಡು, ನಿಮ್ಮ ಗ್ರೂಪಿನ ಪರ್ಮಿಷನ್ ಬರುವವರೆಗೆ ನಡುಗುತ್ತ ಕೂರಲು ನನಗೇನು ಹುಚ್ಚೇ ಎಂದು ಕೇಳುತ್ತಾಳೆ.

ಇದೇ ಕಾಲಕ್ಕೆ ನಮ್ಮ ಮನೆಯ ಹಿಂದಿನ ಹೊಲಗಳಿಗೆ ಕುರಿಮಂದೆ ಬರುತ್ತದೆ. ಬಿ.ದುರ್ಗದ ಕಡೆಯ ಗಂಡಹೆಂಡತಿ. ಕೊಯ್ಲಾದ ಹೊಲದಲ್ಲಿ ಹಗಲು ಮೇಯಿಸಿ, ರಾತ್ರಿ ಅಲ್ಲಿಯೇ ಬಲೆಯ ಬೇಲಿಯೊಳಗೆ ಮಂದೆ ನಿಲ್ಲಿಸುತ್ತಾರೆ. ಹೊಲದವರಿಗೆ ಗೊಬ್ಬರ, ಇವರಿಗೆ ಮೇವು. ಗಂಡ ನನ್ನ ವಯಸ್ಸಿನವರು. ನಾನು ಅವರನ್ನು ಕುರಿಯಣ್ಣ ಎನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ನಾನು ಗುಮಾಸ್ತ, ಒಂದು ದಿನವೂ ಪಾಠ ಮಾಡಿದವನಲ್ಲ ಎಂದು ತಿದ್ದಿ ತಿದ್ದಿ ಸಾಕಾಗಿದೆ. ನಿಜ ಹೇಳಬೇಕೆಂದರೆ ಬಹಳ ಜೋರಾಗಿ ತಿದ್ದಿಲ್ಲ.

ಕುರಿಗಳ ಮೈಯ ಉಣ್ಣೆ ಕತ್ತರಿಸುವುದೂ ಈ ಸಂಧಿಯಲ್ಲೇ. ಮಳೆ ಪೂರ್ತಿ ನಿಂತಿರಬೇಕು, ಚಳಿ ಬಿದ್ದಿರಬಾರದು. ಕೆರೆಯಲ್ಲಿ ಮೈ ತೊಳೆಸಿ, ಬಿಸಿಲಿಗೆ ಒಣಗಿಸಿ, ಕಾಲು ಕಟ್ಟಿ ಮಲಗಿಸಿ, ದೊಡ್ಡ ಕತ್ತರಿ ಹಿಡಿದು ಊರೂರು ತಿರುಗುವ ಕತ್ತರಿಯವರಿಂದ ಉಣ್ಣೆ ತೆಗೆಸುತ್ತಾರೆ. ಅದಾದ ಮೇಲೆ ಮೈಮೇಲೆ ತುಸುವಾದರೂ ಕೂದಲು ಚಿಗುರಲು ಹದಿನೈದು ದಿನವಾದರೂ ಬೆಚ್ಚಗಿನ ಹವೆ ಬೇಕು. ಬೋಳು ಮೈಗೆ ಮೂಡಗಾಳಿಯೂ ತುಂತುರು ಮಳೆಯೂ ಒಟ್ಟಿಗೆ ಬಡಿದರೆ ಕುರಿ ಕೆಮ್ಮುತ್ತದೆ, ಮೇವು ಬಿಡುತ್ತದೆ, ಮಲಗಿದ್ದು ಏಳುವುದಿಲ್ಲ. ನಾವು ನಾಲ್ವರು ಯಾವ ದಿನವನ್ನು ಹುಡುಕುತ್ತಿದ್ದೆವೋ ಅದೇ ದಿನವನ್ನು ಆ ಗಂಡಹೆಂಡತಿಯೂ ಹುಡುಕುತ್ತಿದ್ದರು. ನಮಗೆ ಅದು ಹವ್ಯಾಸ. ಅವರ ಬದುಕು ಇದ್ದದ್ದೇ ಆ ನೂರಿಪ್ಪತ್ತು ಕುರಿಗಳ ಮೇಲೆ.

ಒಂದು ವರ್ಷ ನಾನು, ಈ ವಾರ ಕತ್ತರಿ ಹಾಕಿಸಬೇಡಿ, ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದಿದೆ ಎಂದು ಕುರಿಯಣ್ಣನಿಗೆ ಹೇಳಿದ್ದೆ. ನಾನು ಎಲ್ಲದಕ್ಕೂ ಬೇಡ ಎನ್ನುವವನೇ. ಅಂದು ಮಾತ್ರ ನಿಜವಾಗಿಯೂ ಮಳೆ ಹಿಡಿಯಿತು. ಅಂದಿನಿಂದ ಅವರು ನನ್ನನ್ನು ಕೇಳದೆ ಕತ್ತರಿಯವರನ್ನು ಕರೆಸುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರು ಅವರು ಹಾಗೆ ಕೇಳಿದಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಕಳೆದ ವರ್ಷದ ಮಾತು. ದೀಪಾವಳಿ ಮುಗಿದು ವಾರವಾಗಿತ್ತು. ಚಿಕ್ಕಜಾಜೂರು ಹದಿನೇಳು ಎಂದಿತು. ಹೊಸದುರ್ಗ ಹದಿನಾರು, ಗಾಳಿಯಂತ್ರಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಂತಿವೆ ಎಂದಿತು. ಹಿರಿಯೂರೂ ಹದಿನೇಳಕ್ಕೆ ಇಳಿಯಿತು. ನನ್ನ ಥರ್ಮಾಮೀಟರು ಮಾತ್ರ ಇಪ್ಪತ್ತೆರಡು ಬಿಟ್ಟು ಅಲುಗಲಿಲ್ಲ. ಅದೂ ವಿಚಿತ್ರವೆಂದರೆ ಬೇರೆಯವರಿಗೆ ಚಳಿ ಹೆಚ್ಚಾದ ದಿನ ನನ್ನದು ಇಪ್ಪತ್ತಮೂರು ತೋರಿಸುತ್ತಿತ್ತು.

ಬುದ್ಧಿಯಿದ್ದವನಾದರೆ ಥರ್ಮಾಮೀಟರನ್ನು ಅನುಮಾನಿಸುತ್ತಿದ್ದ. ನಾನು ಭೂಮಿಯನ್ನು ಅನುಮಾನಿಸಿದೆ. ಹೊಳಲ್ಕೆರೆಯೊಂದೇ ಏಕೆ ಬಿಸಿಯೇರುತ್ತಿದೆ ಎಂದು ಕೂತು ಯೋಚಿಸಿದೆ. ಕೆರೆ ಒತ್ತುವರಿಯೋ, ಹೆದ್ದಾರಿಯ ಲಾರಿಗಳೋ, ನನಗಷ್ಟೇ ಹೊಳೆದಿರುವ ದೊಡ್ಡ ಅಪಾಯವೋ ಎಂದು ಪಟ್ಟಿ ಮಾಡಿದೆ. ಕೊಬ್ಬರಿ ಎಣ್ಣೆ ಗಟ್ಟಿಯಾಗಿರುವುದನ್ನು ಹೆಂಡತಿ ಬಾಟಲಿ ಬಗ್ಗಿಸಿ ತೋರಿಸಿದಳು. ಎಣ್ಣೆ ಕಲಬೆರಕೆ ಇರಬೇಕು ಎಂದೆ. ಬೆಳಿಗ್ಗೆ ಹಿತ್ತಲ ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರಿನ ಬಳಿ ಹೋದಾಗ ಘಮ್ಮೆಂದು ಹೊಗೆಯ ವಾಸನೆ ಬರುತ್ತಿತ್ತು. ನೋಟ್‌ಬುಕ್ಕಿನಲ್ಲಿ 'ಹೊಗೆಯ ಹಿತವಾದ ವಾಸನೆ, ಚಳಿಗಾಲ ದೂರವಿಲ್ಲ' ಎಂದು ಬರೆದಿದ್ದೇನೆ. ಈಗಲೂ ಇದೆ ಆ ಪುಟ. ಉಳಿದ ಮೂವರು ಹೂಂ ಎಂದರೂ ನಾನು ಊಹೂಂ ಎನ್ನುತ್ತ ಎಂಟು ದಿನ ಚಳಿಯನ್ನು ತಡೆಹಿಡಿದೆ.

ಕುರಿಯಣ್ಣ ಟೀ ಅಂಗಡಿಗೆ ಬಂದದ್ದು ಆ ಎಂಟರಲ್ಲಿ ಆರನೆಯ ದಿನ. ಜೊತೆಗೆ ಹೆಂಡತಿಯೂ ಇದ್ದರು.

"ಮೇಷ್ಟ್ರೇ, ಕತ್ತರಿಯೋರು ಜಾಜೂರು ಕಡೆ ಬಂದವ್ರೆ. ಕರಿಲಾ? ಈಗ ಬಿಟ್ರೆ ಅವ್ರು ಸಿಗಾದು ಸಂಕ್ರಾಂತಿ ಕಳೆದ್ ಮ್ಯಾಲೆ. ಚಳಿ ಏನಂತೈತೆ?"

ನಾನು ಜೇಬಿನಿಂದ ನೋಟ್‌ಬುಕ್ ತೆಗೆದೆ. ತೆಗೆಯುವ ಅಗತ್ಯವಿರಲಿಲ್ಲ. "ಇನ್ನೂ ಇಪ್ಪತ್ತೆರಡು ಐತೆ ಅಣ್ಣ. ಹದಿನೈದು ದಿನ ಚಳಿ ಬೀಳಲ್ಲ. ಕರೀರಿ."

"ಬೆಳಿಗ್ಗೆ ನನ್ ಬೆರಳು ಮರಗಟ್ತಾವಲ್ರಿ," ಎಂದರು ಅವರ ಹೆಂಡತಿ.

"ಅದು ವಯಸ್ಸಮ್ಮ," ಎಂದೆ.

ಟೀ ಅಂಗಡಿಯವರು ನಕ್ಕರು. ಆಕೆ ನಗಲಿಲ್ಲ. ಸೆರಗನ್ನು ಕಿವಿಯ ಸುತ್ತ ಬಿಗಿದುಕೊಂಡು ಗಂಡನ ಮುಖ ನೋಡಿದರು. ಗಂಡ ನನ್ನ ಮುಖ ನೋಡಿದರು. ಶನಿವಾರ ಕತ್ತರಿಯವರು ಬಂದು ಸಂಜೆಯೊಳಗೆ ನೂರಿಪ್ಪತ್ತನ್ನೂ ಮುಗಿಸಿದರು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ರೈಲ್ವೆ ಹಿರಿಯರು ಬಂದಿಳಿದರು. ತಮ್ಮ ಥರ್ಮಾಮೀಟರನ್ನು ಮಫ್ಲರಿನಲ್ಲಿ ಮಗುವಿನಂತೆ ಸುತ್ತಿ ತಂದಿದ್ದರು. ನನ್ನ ಮೇಲಿನ ಅನುಮಾನವನ್ನು ಅವರು ಬಹಳ ಮರ್ಯಾದೆಯಿಂದ ಹೇಳಿದರು: ಯಂತ್ರವೆಂದ ಮೇಲೆ ಒಮ್ಮೊಮ್ಮೆ ಕೆಡುತ್ತದೆ, ಮನುಷ್ಯನದು ತಪ್ಪಿರುವುದಿಲ್ಲ. ನನ್ನದರ ಪಕ್ಕದಲ್ಲಿ ತಮ್ಮದನ್ನು ತೂಗುಹಾಕಿದರು. ಹತ್ತು ನಿಮಿಷ ಕಾದೆವು. ಅವರದೂ ಇಪ್ಪತ್ತೆರಡಕ್ಕೆ ಏರಿತು. ನನಗೆ ಒಳಗೊಳಗೇ ಖುಷಿ. ಅವರು ಗಡ್ಡ ಕೆರೆದುಕೊಳ್ಳುತ್ತ ನಿಂತರು, ಬೇಸರಕ್ಕೆ ಗೋಡೆಗೆ ಒರಗಿದರು, ಥಟ್ಟನೆ ಬೆನ್ನು ಎತ್ತಿದರು.

"ಏನಪ್ಪಾ ಇದು, ಗೋಡೆ ರೊಟ್ಟಿ ಹೆಂಚಾಗೈತಲ್ಲ."

ಗೋಡೆಯ ಆಚೆ ಪಕ್ಕದ ಮನೆಯ ಬಚ್ಚಲು. ಅವರ ಸೋಲಾರ್ ಕೆಟ್ಟಿತ್ತು. ಆ ವರ್ಷ ಹಳೆಯ ಹಂಡೆಯನ್ನು ಮತ್ತೆ ಹೂಡಿಸಿ, ಬೆಳಿಗ್ಗೆ ಐದಕ್ಕೆಲ್ಲ ತೆಂಗಿನ ಮಟ್ಟೆ ತುರುಕಿ ಉರಿ ಹಾಕುತ್ತಿದ್ದರು. ಚಳಿ ಹೆಚ್ಚಿದಂತೆ ನೀರು ಹೆಚ್ಚು ಕಾಯಬೇಕು, ಉರಿಯೂ ಹೆಚ್ಚಬೇಕು. ಎಂಟು ದಿನದಿಂದ ನಾನು ಪಕ್ಕದ ಮನೆಯವರ ಸ್ನಾನದ ನೀರಿನ ಲೆಕ್ಕ ಬರೆದುಕೊಳ್ಳುತ್ತಿದ್ದೆ.

ಎರಡೂ ಥರ್ಮಾಮೀಟರು ಹಿಡಿದು ಹಿತ್ತಲಾಚೆಯ ಬಯಲಿಗೆ ಹೋದೆವು. ಬಿಸಿಲು ಆಗಲೇ ಏರಬೇಕಿತ್ತು, ಏರಿರಲಿಲ್ಲ, ಪೂರ್ವದಲ್ಲಿ ಮಬ್ಬಿತ್ತು. ಪಾದರಸ ನಮ್ಮ ಕಣ್ಣೆದುರೇ ಇಳಿದು ಹದಿನಾರಕ್ಕೆ ನಿಂತಿತು. ಹಿರಿಯರು ಮಫ್ಲರ್ ಬಿಚ್ಚಿಹೋಗುವಷ್ಟು ನಕ್ಕರು. ನಗುತ್ತ ನನ್ನ ಕಡೆ ತಿರುಗಿ, ನಿಲ್ಲಿಸಿದರು. ನಾನು ಕುರಿಯ ವಿಷಯ ಹೇಳಿದೆ. ಯಾವತ್ತು ಕತ್ತರಿಸಿದರು ಎಂದು ಕೇಳಿದರು. ನಿನ್ನೆ ಎಂದೆ.

ಗ್ರೂಪಿನಲ್ಲಿ ಬರೆದೆ: 'ಚಳಿ ಬಿದ್ದಿದೆ. ಎಂಟು ದಿನದ ಹಿಂದೆಯೇ. ತಪ್ಪು ನನ್ನದು.' ಹೊಸದುರ್ಗದ ಮೇಡಂ ಏನೂ ಆಡಿಕೊಳ್ಳಲಿಲ್ಲ; ಗಾಳಿಯಂತ್ರಗಳು ಇವತ್ತು ಎಂದಿಗಿಂತ ಜೋರಾಗಿ ತಿರುಗುತ್ತಿವೆ ಎಂದಷ್ಟೇ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹಿರಿಯೂರಿನಿಂದ ಒಂದು ಫೋಟೊ ಬಂತು. ಜೀವನದಲ್ಲಿ ಮೊದಲ ಬಾರಿಗೆ ಅವನು ಆಕಾಶ ಬಿಟ್ಟು ನೆಲದ ಫೋಟೊ ತೆಗೆದಿದ್ದ. ಒದ್ದೆ ರಸ್ತೆ. ಕೆಳಗೆ ಬರೆದಿದ್ದ: 'ಜಿಟಿಜಿಟಿ ಶುರುವಾಗೈತೆ ಸರ್. ಸಂಜೆಗೆ ನಿಮ್ಮ ಕಡೆ.' ಈ ಕಾಲದ ಮಳೆ ನಮ್ಮಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನಡೆದು ಬರುತ್ತದೆ. ಹಿರಿಯೂರಿಗೆ ಮೊದಲು, ಅರ್ಧ ದಿನ ಕಳೆದು ಹೊಳಲ್ಕೆರೆಗೆ.

ಮಂದೆಯಿದ್ದ ಹೊಲ ಮನೆಯಿಂದ ಕೂಗಳತೆಯ ದೂರ. ಅಷ್ಟು ಉದ್ದದ ದಾರಿಯಲ್ಲಿ ನಾನು ಎಂದೂ ನಡೆದಿಲ್ಲ. ಉಣ್ಣೆಯಿಲ್ಲದ ಕುರಿಗಳು ಅರ್ಧಕ್ಕರ್ಧ ಚಿಕ್ಕದಾಗಿದ್ದವು. ಬೆನ್ನೆಲುಬು, ಪಕ್ಕೆ, ಕತ್ತರಿ ತಾಗಿದ ಕೆಂಪು ಗೀರು ಎಲ್ಲ ಕಾಣುತ್ತಿತ್ತು. ಮೇಯದೆ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ನಾನು ಎಲ್ಲವನ್ನೂ ಹೇಳಿದೆ, ಗೋಡೆ, ಹಂಡೆ, ಹಿರಿಯೂರಿನ ಮಳೆ. ಹೇಳುತ್ತ ಹೇಳುತ್ತ ಅದು ನಗೆಯ ಕಥೆಯಂತೆ ಕೇಳುತ್ತಿತ್ತು. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಕುರಿಯಣ್ಣ ಪೂರ್ವಕ್ಕೆ ನೋಡುತ್ತಿದ್ದರು. ಮಾತಾಡಿದ್ದು ಹೆಂಡತಿ.

"ನನ್ ಬೆರಳು ಸುಳ್ಳು, ನಿಮ್ ಗಾಜಿನ ಕಡ್ಡಿ ನಿಜ ಅಂದ್ರಿ. ಈಗ ಏನ್ ಮಾಡಾಣ ಹೇಳ್ರಿ."

ಊರಿಗೆ ಹೊಡೆದುಕೊಂಡು ಹೋದರೆ ದಾರಿಯಲ್ಲಿಯೇ ಮಳೆ ಹಿಡಿಯುತ್ತದೆ ಎಂದರು ಕುರಿಯಣ್ಣ. ರಸ್ತೆಯ ಗುಡಿಯ ಮುಂದಿನ ಮಂಟಪಕ್ಕೆ ಇಪ್ಪತ್ತು ಹಿಡಿದರೆ ಹೆಚ್ಚು. ಯಾವ ಇಪ್ಪತ್ತನ್ನು ಆರಿಸಲಿ ಎಂದು ಅವರು ತಮ್ಮನ್ನೇ ಕೇಳಿಕೊಂಡಂತೆ ಅಂದದ್ದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ. ಕೈಗೆ ಶಾಲೆಯ ಬೀಗದ ಕೈ ಗೊಂಚಲು ಸಿಕ್ಕಿತು.

ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿಗೆ ತಗಡಿನ ಸೂರಿದೆ, ಮೂರು ಕಡೆ ಗೋಡೆಯಿದೆ. ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಸಾಧಾರಣವಾಗಿ ಒಂದು ರಜೆ ಕೇಳಲು ನಾನು ಎರಡು ದಿನ ತಾಲೀಮು ಮಾಡುವವನು. ಅಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಎಷ್ಟು ಕುರಿ ಎಂದು ಅವರು ಕೇಳಿದರು. ನೂರಿಪ್ಪತ್ತು ಎಂದೆ.

"ನಮ್ಮ ಒಂಬತ್ತನೇ ಕ್ಲಾಸಿಗಿಂತ ಶಿಸ್ತಾಗಿರ್ತಾವೆ, ಬಿಡ್ರಿ. ಗುಡಿಸೋದು ಮಾತ್ರ ನೀವೇ."

ನಾಲ್ಕು ಗಂಟೆಗೆ ಮಂದೆ ಶಾಲೆಯ ಗೇಟು ದಾಟಿತು. ತೆರೆದಿದ್ದ ನಾಲ್ಕನೆಯ ಪಕ್ಕಕ್ಕೆ ರೈಲ್ವೆ ಹಿರಿಯರು ಗೊಬ್ಬರದ ಖಾಲಿ ಚೀಲಗಳನ್ನು ಹೊಲಿದು ಪರದೆ ಮಾಡಿದರು. ನನ್ನ ಹೆಂಡತಿ ಅಟ್ಟದ ಮೇಲಿದ್ದ ಟಾರ್ಪಲ್, ಹಳೆಯ ಕಂಬಳಿ, ನನ್ನ ಎರಡು ಸ್ವೆಟರ್ ಎಲ್ಲ ಹೊತ್ತು ತಂದಳು. ಸ್ವೆಟರಿಗೆ ಗ್ರೂಪಿನ ಒಪ್ಪಿಗೆ ಸಿಕ್ಕಿದೆಯೇ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಗಬ್ಬದ ಕುರಿಗಳನ್ನು ಒಳಮೂಲೆಗೆ ತಳ್ಳಿ, ಗಟ್ಟಿ ಟಗರುಗಳನ್ನು ಪರದೆಯ ಕಡೆ ನಿಲ್ಲಿಸಿದರು ಕುರಿಯಣ್ಣನ ಹೆಂಡತಿ. ಯಾರು ಎಲ್ಲಿ ನಿಲ್ಲಬೇಕು ಎಂದು ಆಕೆಗೆ ಒಂದೊಂದೂ ಗೊತ್ತಿತ್ತು. ಕತ್ತಲಾಗುವ ಮುಂಚೆ ಮಳೆ ಬಂತು. ದೊಡ್ಡ ಹನಿಯಲ್ಲ, ಜರಡಿಯಿಂದ ಹಿಟ್ಟು ಉದುರಿದಂತೆ. ಜೊತೆಗೆ ಗಾಳಿ.

ಮಳೆ ಎರಡು ದಿನ ಬಿಡಲಿಲ್ಲ. ಸೋಮವಾರ ಮಕ್ಕಳು ಸೈಕಲ್ಲುಗಳನ್ನು ಕಾರಿಡಾರಿನಲ್ಲಿ ಸಾಲಾಗಿ ಒರಗಿಸಿ, ಪ್ರಾರ್ಥನೆಯಲ್ಲಿ ಕುರಿಗಳ ಕೆಮ್ಮಿಗೆ ತಾವೂ ಕೆಮ್ಮಿದರು. ನಾನು ಬೆಳಿಗ್ಗೆ ಸಂಜೆ ಗುಡಿಸಿದೆ. ಕೆಮ್ಮುವ ಕುರಿಗಳನ್ನು ಎಣಿಸಿದೆ. ಹನ್ನೊಂದು, ಹದಿನಾಲ್ಕು, ಮತ್ತೆ ಹನ್ನೊಂದು. ಇಷ್ಟು ವರ್ಷ ಬರೆದ ಅಂಕಿಗಳಲ್ಲಿ ಯಾವುದನ್ನೂ ಇಷ್ಟು ಹೆದರಿ ನೋಡಿದವನಲ್ಲ.

ಮಂಗಳವಾರ ಬೆಳಿಗ್ಗೆ ಹೋದಾಗ ಒಂದು ಕುರಿ ಮಲಗಿತ್ತು. ಕುರಿಯಣ್ಣ ತಮ್ಮ ಕಂಬಳಿಯನ್ನೇ ಅದಕ್ಕೆ ಹೊದಿಸಿ, ತಾವು ಬರಿ ಅಂಗಿಯಲ್ಲಿ ಪಕ್ಕದಲ್ಲಿ ಕುಳಿತಿದ್ದರು. ಮೊದಲ ಬೆಲ್ಲು ಹೊಡೆಯುವ ಮೊದಲೇ ಅದು ಹೋಯಿತು.

"ಮುದಿ ಕುರಿ ಮೇಷ್ಟ್ರೇ. ಮನಸಿಗೆ ಹಚ್ಕಬ್ಯಾಡ್ರಿ."

"ಹಚ್ಕಳ್ಳಿ ಬಿಡು," ಎಂದರು ಹೆಂಡತಿ, ತಲೆ ಎತ್ತದೆ.

ಕುರಿಯಣ್ಣನ ಕ್ಷಮೆಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಆಕೆಯ ಮಾತನ್ನು ಮಾತ್ರ ಹಿಡಿದುಕೊಂಡೆ, ಅದು ನ್ಯಾಯವಾಗಿತ್ತು.

ಬುಧವಾರ ಆಕಾಶ ಬಿಳಿಚಿತು. ಹಿರಿಯೂರಿನಲ್ಲಿ ಹಿಂದಿನ ಮಧ್ಯಾಹ್ನವೇ ಬಿಸಿಲು ಬಿದ್ದಿತ್ತು, ಹೊಸದುರ್ಗದಲ್ಲಿ ಗಾಳಿ ಸಡಿಲವಾಗಿತ್ತು. ಕೆಮ್ಮು ನಾಲ್ಕಕ್ಕೆ ಇಳಿದು, ಒಂದೆರಡು ಟಗರು ಶಾಲೆಯ ದಾಸವಾಳದ ಗಿಡವನ್ನು ಮುಗಿಸುವಷ್ಟು ಗೆಲುವಾಗಿದ್ದವು. ಇವನ್ನು ಇನ್ನು ಬಯಲಲ್ಲಿ ಇಡುವುದಿಲ್ಲ, ಊರಿಗೆ ಹೊಡೆದುಕೊಂಡು ಹೋಗಿ ಹದಿನೈದು ದಿನ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುತ್ತೇವೆ ಎಂದರು ಕುರಿಯಣ್ಣ. ಹೊಲದವರಿಗೆ ಮಾತು ತಪ್ಪುತ್ತದೆ, ಏನು ಮಾಡುವುದು. ಮಳೆ ಮತ್ತೆ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಕೇಳಿಯಾರು ಎಂದು ನಾನು ಹೆದರಿ, ಕೇಳದೆ ಹೋದಾಗ ಅದಕ್ಕೂ ಹೆದರಿದೆ.

ಶಾಲೆಯ ಗೇಟಿನ ಎದುರೇ ಶಿವಮೊಗ್ಗದ ಹೆದ್ದಾರಿ. ಮಂದೆಯ ಮುಂದೆ ಕುರಿಯಣ್ಣ, ಹಿಂದೆ ಹೆಂಡತಿ. ಆಕೆ ಗೇಟಿನ ಬಳಿ ನಿಂತು, ಮೂರು ದಿನದಲ್ಲಿ ಮೊದಲ ಬಾರಿಗೆ ನೇರವಾಗಿ ನನ್ನನ್ನು ನೋಡಿದರು.

"ಅಲ್ಲಿ ಹೋಗಿ ಕೈ ಅಡ್ಡ ಹಿಡೀರಿ. ಲಾರಿ ಬರ್ತಾವೆ."

ನಾನು ಓಡಿ ಹೋಗಿ ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿದೆ. ಒಂದು ಲಾರಿ ನಿಂತಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ನಾಲ್ಕೈದು ಬೈಕು. ಡ್ರೈವರು ಹಾರ್ನ್ ಒತ್ತಿ, ತಲೆ ಹೊರಗೆ ಹಾಕಿ, ಬೋಳು ಕುರಿಗಳನ್ನು ಕಂಡು ಹಾರ್ನ್ ಬಿಟ್ಟ. ಅವು ಆತುರವಿಲ್ಲದೆ ದಾಟಿದವು. ನೂರ ಹದಿನೆಂಟು, ನೂರ ಹತ್ತೊಂಬತ್ತು. ಆಕೆ ಕೊನೆಯ ಕುರಿಯ ಬೆನ್ನ ಮೇಲೆ ಕೈಯಿಟ್ಟು ಆಚೆ ದಡ ಸೇರಿ, ನನಗೆ ತಲೆಯಾಡಿಸಿ ಸಾಕು ಎಂದು ಹೇಳುವವರೆಗೂ ನಾನು ಕೈ ಇಳಿಸಲಿಲ್ಲ.